ಸೋಫಾದ ಅಡಿಯ ಆರು ಟೈಲ್ಸ್

ಅಮ್ಮ ಎಡವಿದ್ದು ಕೊಲ್ಲೂರಿನಲ್ಲಿ. ದೇವಸ್ಥಾನದಿಂದ ಸ್ವಲ್ಪ ದೂರದಲ್ಲಿ ನಮ್ಮ ಕಾರವಾನ್, ಅಂದರೆ ಒಳಗೆ ಮನೆಯ ಹಾಗೆ ಕಟ್ಟಿಸಿದ ಗಾಡಿ, ನಿಲ್ಲಿಸಿ ರಾತ್ರಿ ಅದರಲ್ಲೇ ಮಲಗಿದ್ದೆವು. ಮೂರು ಗಂಟೆ ಹೊತ್ತಿಗೆ ಬಾತ್‌ರೂಮಿಗೆಂದು ಎದ್ದವಳು ನಾಲ್ಕು ಹೆಜ್ಜೆ ಹಾಕಿರಬೇಕು, "ಅಯ್ಯೋ" ಎಂದಳು. ಅಡುಗೆ ಕಟ್ಟೆ ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. ಲೈಟ್ ಹಾಕಿ ನೋಡಿದರೆ ಬಲಗಾಲಿನ ಹೆಬ್ಬೆರಳ ಉಗುರು ಅರ್ಧ ಎದ್ದಿತ್ತು, ನೆಲದ ಮೇಲೆ ಎರಡು ಹನಿ ರಕ್ತ. ಎರಡು ಟೈಲ್ಸ್ ಸೇರುವ ಜಾಗ ಅದು. ಕೈಯಿಂದ ಸವರಿದೆ. ಒಂದರ ಅಂಚು ಇನ್ನೊಂದಕ್ಕಿಂತ ಮೇಲೆ ನಿಂತಿತ್ತು.

ಆ ರಾತ್ರಿ ನನಗೆ ಮತ್ತೆ ನಿದ್ದೆ ಬರಲಿಲ್ಲ. ಅಮ್ಮನಿಗೆ ಆಗ 79. ಆ ಗಾಡಿ ಮಾಡಿಸಿದ್ದೇ ಅವಳಿಗೋಸ್ಕರ.

ನಮ್ಮದು ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದ ಹತ್ತಿರ ತೋಟದ ಮನೆ. ನಾನು ಕನ್ನಡ ಶಾಲೆಯಲ್ಲಿ ಮಾಷ್ಟ್ರಾಗಿ ನಿವೃತ್ತನಾದವನು. ತಮ್ಮ ಅಮೆರಿಕದಲ್ಲಿದ್ದಾನೆ. ಅಮ್ಮನಿಗೆ ಊರು ನೋಡುವ ಆಸೆ ಜಾಸ್ತಿ. ಆದರೆ ಲಾಡ್ಜಿನ ಮೆಟ್ಟಿಲು ಹತ್ತಲು ಆಗುವುದಿಲ್ಲ, ಕಂಡಕಂಡಲ್ಲಿ ಬಾತ್‌ರೂಮಿಗೆ ಹೋಗಲು ಆಗುವುದಿಲ್ಲ. 2021ರಲ್ಲಿ ಕೇರಳ ಸರ್ಕಾರ ಕಾರವಾನ್ ಪ್ರವಾಸದ ನೀತಿ ತಂದಾಗ ಪೇಪರಿನಲ್ಲಿ ಫೋಟೋ ನೋಡಿದ ಅಮ್ಮ, "ಇಂಥದ್ದೊಂದು ಇದ್ದರೆ ನಾನು ಎಲ್ಲಿಗೂ ಬರ್ತೇನೆ" ಎಂದಿದ್ದಳು. ತಮ್ಮ ಅದನ್ನು ಮನಸ್ಸಿನಲ್ಲಿಟ್ಟುಕೊಂಡ. ಹಣ ಹೆಚ್ಚಿನದು ಅವನದು, ಓಡಾಟ ನನ್ನದು. ಬಸ್ಸಿನ ಚಾಸಿ ತೆಗೆದು ಹೊರ ಊರಿನ ಒಂದು ವರ್ಕ್‌ಶಾಪಿನಲ್ಲಿ ಬಾಡಿ ಕಟ್ಟಿಸಿದೆವು. ಹಿಂದೆ ಬೆಡ್‌ರೂಮ್, ನಡುವೆ ಅಡುಗೆ ಕಟ್ಟೆ, ಬಾತ್‌ರೂಮ್, ಮುಂದೆ ಸೋಫಾ. ಪರ್ಮಿಟ್, ರಿಜಿಸ್ಟ್ರೇಷನ್ ಓಡಾಟವೇ ಬೇರೆ ಕಥೆ, ಅದು ಇಲ್ಲಿ ಬೇಡ.

ನೆಲಕ್ಕೆ ವಿನೈಲ್, ಅಂದರೆ ಪ್ಲಾಸ್ಟಿಕ್ ಹಾಳೆ, ಹಾಸುವಾ ಎಂದು ವರ್ಕ್‌ಶಾಪಿನವರು ಹೇಳಿದ್ದರು. ಟೈಲ್ಸೇ ಬೇಕು ಎಂದದ್ದು ನಾವು. ನಮ್ಮಲ್ಲಿ ಮುರಕಲ್ಲಿನ ಕೆಂಪು ಮಣ್ಣು. ಮಳೆಗಾಲದಲ್ಲಿ ಕಾಲಿಗೆ ಅಂಟಿ ಒಳಗೆ ಬಂದರೆ ಕಲೆ ಹೋಗುವುದಿಲ್ಲ. ಬೇಕಲದ ಕಡಲಿಗೆ ಹೋಗಿ ಬಂದರೆ ಚಪ್ಪಲಿಯಲ್ಲಿ ಮರಳು, ಅದು ವಿನೈಲನ್ನು ಗೀರಿ ಹಾಕುತ್ತದೆ. ಟೈಲ್ಸಾದರೆ ಒರೆಸಿದರೆ ಮುಗಿಯಿತು. ಅಮೆರಿಕದ ದೊಡ್ಡ ಡೀಸೆಲ್ ಮೋಟರ್ ಹೋಮ್‌ಗಳಲ್ಲಿ ಪೋರ್ಸಲೇನ್ ಟೈಲ್ಸ್ ಹಾಕುವುದನ್ನು ತಮ್ಮ ನೋಡಿದ್ದ. ಅಲ್ಲಿ ಆಗುತ್ತದಾದರೆ ಇಲ್ಲಿಯೂ ಆಗಬೇಕಲ್ಲ ಎಂಬ ಧೈರ್ಯ. ಈಗಲೂ ಟೈಲ್ಸ್ ತಪ್ಪು ಎಂದು ನಾನು ಹೇಳುವುದಿಲ್ಲ. ಹಾಕಿದ ರೀತಿ ತಪ್ಪು.

ನಿಜ ಹೇಳಬೇಕೆಂದರೆ ಗಾಡಿ ಮನೆಗೆ ಬಂದ ವಾರವೇ ಒಂದು ಸೂಚನೆ ಸಿಕ್ಕಿತ್ತು. ಮೋಡ ಮುಚ್ಚಿದ ಒಂದು ಮಧ್ಯಾಹ್ನ, ಒಳಗಿನ ಲೈಟ್ ಹಾಕದೆ ಕೂತಿದ್ದೆ. ಮುಂದಿನ ಭಾಗದ ನೆಲ ಹಾಲಿನ ಕೆನೆಯ ಬಣ್ಣ. ಬೆಡ್‌ರೂಮಿನ ಕಡೆಗೆ ಹೋದಂತೆ ಅದೇ ಟೈಲ್ಸ್ ಸ್ವಲ್ಪ ಬೂದು. ವರ್ಕ್‌ಶಾಪಿಗೆ ಫೋನ್ ಮಾಡಿದೆ. "ಲೈಟಿನಿಂದ ಹಾಗೆ ಕಾಣುತ್ತೆ ಸರ್" ಎಂದರು. ನಂಬಿದೆ. ಆಮೇಲೆ ತಲಪಾಡಿಯಿಂದ ಕಾಸರಗೋಡಿನವರೆಗೆ ಹೆದ್ದಾರಿ ಕೆಲಸದ ಡೈವರ್ಷನ್ನುಗಳಲ್ಲಿ ಕುಲುಕಿಕೊಂಡು ಬಂದ ಒಂದು ದಿನ, ಬಾಗಿಲ ಹತ್ತಿರದ ಟೈಲ್ಸಿನಲ್ಲಿ ಕೂದಲೆಳೆಯಷ್ಟು ಬಿರುಕು ಕಂಡಿತು. ಅದನ್ನೂ ಸುಮ್ನೆ ಬಿಟ್ಟೆ. ಕೊಲ್ಲೂರಿನ ರಾತ್ರಿ ಆದ ಮೇಲೆ ಬಿಡಲಿಲ್ಲ.

ತಮ್ಮ ವಿಡಿಯೋ ಕಾಲ್‌ನಲ್ಲಿ ನೆಲ ನೋಡಿ, "ಅಣ್ಣ, ನಿನ್ನ ಎಟಿಎಂ ಕಾರ್ಡು ತೆಗೆ" ಎಂದ. ಎತ್ತರದ ಟೈಲ್ಸ್ ಮೇಲೆ ನೇರ ಪಟ್ಟಿ ಇಟ್ಟು, ತಗ್ಗಿನ ಟೈಲ್ಸ್ ಕಡೆ ಪಟ್ಟಿಯ ಅಡಿಗೆ ಕಾರ್ಡು ತೂರಿಸಬೇಕು. ಒಂದು ಕಾರ್ಡಿನ ದಪ್ಪ ಮುಕ್ಕಾಲು ಮಿಲಿಮೀಟರ್. ಸಣ್ಣ ಜಾಯಿಂಟಿನ ಟೈಲ್ಸ್‌ಗೆ ಅಮೆರಿಕದ ನಿಯಮ ಒಪ್ಪುವ ಏರುಪೇರು ಒಂದು ಇಂಚಿನ 32ರಲ್ಲಿ ಒಂದು ಪಾಲು, ಅಂದರೆ ಸರಿಸುಮಾರು ಒಂದು ಕಾರ್ಡು. ಟೈಲ್ಸಿನದೇ ಸೊಟ್ಟ ಇದ್ದರೆ ಅದಷ್ಟು ಬೇರೆ. ಅಮ್ಮ ಎಡವಿದಲ್ಲಿ ನನ್ನ ಕಾರ್ಡು, ಹೆಂಡತಿಯ ಕಾರ್ಡು, ಗ್ಯಾಸ್ ಏಜೆನ್ಸಿಯ ಕಾರ್ಡು ಮೂರೂ ಒಟ್ಟಿಗೆ ಹೋದವು.

ಆಮೇಲೆ ಚಮಚದ ಹಿಡಿಯಿಂದ ಪ್ರತಿ ಟೈಲ್ಸ್ ಬಡಿದು ನೋಡಿದೆ. ಮುಂದಿನ ಐದು ಗಟ್ಟಿ ಸದ್ದು. ಹಿಂದಿನ ನಾಲ್ಕು ಟೊಳ್ಳು, ಖಾಲಿ ಡಬ್ಬಿ ಬಡಿದ ಹಾಗೆ. ಬಣ್ಣ ಬದಲಾದದ್ದೂ ಅದೇ ನಾಲ್ಕರಲ್ಲಿ. ಜಾಯಿಂಟಿನ ಗೆರೆ ನೇರ ತಪ್ಪಿದ್ದೂ ಅಲ್ಲಿಂದಲೇ. ಮುಂದೆ 2 ಮಿಲಿಮೀಟರ್ ಇದ್ದ ಗ್ರೌಟಿನ (ಜಾಯಿಂಟಿಗೆ ತುಂಬುವ ಗಾರೆ) ಗೆರೆ ಹಿಂದಕ್ಕೆ ಹೋದಂತೆ ಒಂದು ಕಡೆ ಮುಚ್ಚಿಯೇ ಹೋಗಿತ್ತು.

ಕಾರಣ ಸಿಕ್ಕಿದ್ದು ಒಂದು ಫೋಟೋದಲ್ಲಿ. ಬಾಡಿ ಕಟ್ಟುವಾಗ ಒಮ್ಮೆ ಅಮ್ಮನನ್ನು ತೋರಿಸಲು ಕರೆದುಕೊಂಡು ಹೋಗಿದ್ದೆವು. ಸೀಟಿಲ್ಲದ ಗಾಡಿಯಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿ ಅವಳನ್ನು ಕೂರಿಸಿ ಮಗಳು ಫೋಟೋ ತೆಗೆದಿದ್ದಳು. ಅಮ್ಮನ ಸೀರೆಯ ಹಿಂದೆ ಟೈಲ್ಸಿನ ಬಾಕ್ಸುಗಳು. ದೊಡ್ಡದು ಮಾಡಿ ನೋಡಿದೆ. ಡಿಸೈನಿನ ಹೆಸರು ಎಲ್ಲದರಲ್ಲೂ ಒಂದೇ. ಆದರೆ ಶೇಡ್ ಎಂದು ಬರೆದ ಕಡೆ ಮೂರು ಬಾಕ್ಸಿನಲ್ಲಿ ಒಂದು ನಂಬರು, ಎರಡರಲ್ಲಿ ಬೇರೆ. ಆ ಫೋಟೋವನ್ನು ಎಷ್ಟು ಸಲ ನೋಡಿದ್ದೆವೋ, ಅಮ್ಮನ ಮುಖ ಬಿಟ್ಟು ಬೇರೇನೂ ಕಂಡಿರಲಿಲ್ಲ.

ಇದು ಗೊತ್ತಿಲ್ಲದವರಿಗೆ ಹೇಳುತ್ತೇನೆ, ನನಗೂ ಅಲ್ಲಿವರೆಗೆ ಗೊತ್ತಿರಲಿಲ್ಲ. ಟೈಲ್ಸ್ ಅಂದರೆ ಸುಟ್ಟ ಮಣ್ಣು. ನಮ್ಮ ದೇಶದ ಟೈಲ್ಸ್ ಹೆಚ್ಚಿನವು ಗುಜರಾತಿನ ಮೊರ್ಬಿಯಲ್ಲಿ ಆಗುತ್ತವೆ. ಮಣ್ಣಿನ ಮಿಶ್ರಣ, ಗೂಡಿನ ಶಾಖ ಸ್ವಲ್ಪ ಬದಲಾದರೂ ಬಣ್ಣ ಬದಲಾಗುತ್ತದೆ. ಸುಡುವಾಗ ಕುಗ್ಗುತ್ತದೆ, ಎಲ್ಲ ಸಲ ಒಂದೇ ಅಳತೆಗೆ ಕುಗ್ಗುವುದಿಲ್ಲ. ಹಾಗಾಗಿ ಕಾರ್ಖಾನೆಯವರು ಪ್ರತಿ ಬ್ಯಾಚಿಗೆ ಶೇಡ್ ನಂಬರು ಹಾಕುತ್ತಾರೆ. ಕೆಲವರು ಅಳತೆಯ ನಂಬರನ್ನೂ ಹಾಕುತ್ತಾರೆ. ಸುಟ್ಟ ಮೇಲೆ ಅಂಚು ತಿಕ್ಕಿ ಒಂದೇ ಸೈಜಿಗೆ ತರುವ ಟೈಲ್ಸೂ ಇವೆ, ನಮ್ಮದು ಅದಲ್ಲ. ಹೆಸರು ಒಂದೇ ಇದ್ದರೆ ಸಾಲದು, ಶೇಡೂ ಒಂದೇ ಇರಬೇಕು.

ವರ್ಕ್‌ಶಾಪಿಗೆ ಫೋಟೋ ಕಳಿಸಿದೆ. ಎರಡು ದಿನ ಉತ್ತರ ಇಲ್ಲ. ಮೂರನೇ ದಿನ ಒಪ್ಪಿಕೊಂಡರು, ಅದಕ್ಕೆ ನನಗೆ ಗೌರವ ಇದೆ. ಟೈಲ್ಸ್ ನಡುವೆ ಕಡಿಮೆ ಬಿತ್ತು, ಇದ್ದದ್ದನ್ನು ತಂದು ಹಾಕಿದೆವು ಎಂದರು. ಉಳಿದ ಟೈಲ್ಸ್ ಎಲ್ಲಿ ಎಂದು ಕೇಳಿದೆ. ಎಸೆದಾಯಿತಂತೆ. ಗಾಡಿ ಅಲ್ಲಿಗೆ ತಂದರೆ ಮೇಲಿಂದ ವಿನೈಲ್ ಹಾಸಿ ಕೊಡುತ್ತೇವೆ ಎಂದರು. ಏರುಪೇರಿನ ಮೇಲೆ ವಿನೈಲ್ ಹಾಸಿದರೆ ಏರುಪೇರೇ ಎದ್ದು ಕಾಣುತ್ತದೆ, ಟೊಳ್ಳು ಟೊಳ್ಳಾಗಿಯೇ ಇರುತ್ತದೆ. ಬೇಡ ಎಂದೆ. ಇಲ್ಲಿ ಮೇಸ್ತ್ರಿಯಿಂದ ಸರಿ ಮಾಡಿಸುವ ಖರ್ಚಿನಲ್ಲಿ ಅರ್ಧ ಕೊಡಲು ವರ್ಕ್‌ಶಾಪಿನವರು ಒಪ್ಪಿದರು, ಕೊಟ್ಟರು ಕೂಡ. ನಾನು ಅದಕ್ಕಿಂತ ಹೆಚ್ಚಾಗಿ ಕೇಳಿದ್ದು ಇನ್ನೊಂದು: ನೆಲದ ಅಡಿಯಲ್ಲಿ ನೀರಿನ ಪೈಪ್, ವಯರು ಎಲ್ಲೆಲ್ಲಿ ಹೋಗಿದೆ ಎಂಬ ಫೋಟೋಗಳು. ಅದನ್ನು ಕಳಿಸಿದ್ದು ದೊಡ್ಡ ಉಪಕಾರವಾಯಿತು.

ಈಗ ಟೈಲ್ಸ್ ಹುಡುಕಬೇಕು. ಬೇರೆ ಶೇಡಿನ ನಾಲ್ಕು, ಬಿರುಕು ಬಿಟ್ಟದ್ದು ಒಂದು. ಐದು ಬೇಕು. ಐದೇ ಐದು! ಕಾಸರಗೋಡು, ಕುಂಬಳೆ, ಉಪ್ಪಳ, ಕೊನೆಗೆ ಮಂಗಳೂರು. ಹನ್ನೊಂದು ಅಂಗಡಿ ಹತ್ತಿಳಿದೆ. ಆ ಡಿಸೈನ್ ಈಗ ಬರುವುದಿಲ್ಲ ಎಂದೇ ಎಲ್ಲರ ಮಾತು. ಮಂಗಳೂರಿನ ಒಂದು ಗೋಡೌನಿನಲ್ಲಿ ಅದೇ ಹೆಸರಿನ ಎರಡು ಬಾಕ್ಸ್ ಸಿಕ್ಕಿತು. ಬಾಗಿಲ ಹತ್ತಿರದ ಟೈಲ್ಸಿನಿಂದ ಎದ್ದು ಬಂದ ಚೂರು ಜೇಬಿನಲ್ಲಿತ್ತು. ಹೊರಗೆ ಬಿಸಿಲಿಗೆ ತಂದು ಪಕ್ಕದಲ್ಲಿಟ್ಟು ನೋಡಿದೆ. ಇದು ಮೂರನೆಯದೇ ಒಂದು ಬಣ್ಣ. ಅಂಗಡಿಯವರು, "ಹಾಕಿದ ಮೇಲೆ ಗೊತ್ತಾಗುದಿಲ್ಲ" ಎಂದರು. ಗೊತ್ತಾಗುತ್ತದೆ. ಆರು ತಿಂಗಳು ಆ ನೆಲ ನೋಡಿದವನು ನಾನು.

ಬರಿಗೈಯಲ್ಲಿ ಮನೆಗೆ ಬಂದು ಜಗಲಿಯಲ್ಲಿ ಕೂತೆ. ಅಮ್ಮ ಮಜ್ಜಿಗೆ ತಂದು ಕೊಟ್ಟಳು. ಎಲ್ಲ ಹೇಳಿದೆ. ಅವಳು ಸ್ವಲ್ಪ ಹೊತ್ತು ತಲೆ ಎತ್ತಿ ಮನೆಯ ಮಾಡನ್ನು ನೋಡಿದಳು. ನಮ್ಮ ಮನೆಗೆ ಇನ್ನೂ ಮಂಗಳೂರು ಹೆಂಚು. 1865ರಲ್ಲಿ ಬಾಸೆಲ್ ಮಿಷನ್ನಿನವರು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ಶುರು ಮಾಡಿದ ಮೇಲೆ ಈ ಕಡೆಯ ಮುಳಿಹುಲ್ಲಿನ ಮನೆಗಳೆಲ್ಲ ಒಂದೊಂದಾಗಿ ಹೆಂಚಿಗೆ ಬಂದವು. ಒಂದು ಕಾರ್ಖಾನೆಯ ಹೆಂಚು ಇನ್ನೊಂದರ ಜೊತೆ ಕೂರುವುದಿಲ್ಲ. ಗೀರು ಗೀರಿಗೆ ಸಿಗುವುದಿಲ್ಲ, ಸೋರುತ್ತದೆ. ಅದಕ್ಕೇ ಅಪ್ಪ ಮಾಡು ಹೊದೆಸುವಾಗಲೇ ಐವತ್ತು ಹೆಂಚು ಜಾಸ್ತಿ ತಂದು ಹಿತ್ತಿಲ ಗೋಡೆಗೆ ಒರಗಿಸಿ ಇಡುತ್ತಿದ್ದರು. ಪ್ರತಿ ವರ್ಷ ಮಳೆಗೆ ಮುಂಚೆ ಏಣಿ ಇಟ್ಟು ಒಡೆದದ್ದು ಬದಲಾಯಿಸುವುದು. ಅದೆಲ್ಲ ನನಗೂ ನೆನಪಿದೆ. ನೆನಪಿಲ್ಲದ್ದನ್ನು ಅಮ್ಮ ಹೇಳಿದಳು.

"ಇಟ್ಟದ್ದು ಮುಗಿದ ಮೇಲೆ ಅಪ್ಪ ಎಂತ ಮಾಡಿದ್ರು ಗೊತ್ತುಂಟಾ? ದನದ ಹಟ್ಟಿಯ ಮಾಡಿನದು ತೆಗೆದು ಮನೆಗೆ ಹಾಕಿದ್ರು. ಹಟ್ಟಿಗೆ ಬೇರೆ ಹೆಂಚು. ನಿನ್ನ ಗಾಡಿಯಲ್ಲಿ ಹಟ್ಟಿ ಇಲ್ವಾ?"

ಇತ್ತು. ಸೋಫಾದ ಅಡಿ. ವರ್ಕ್‌ಶಾಪಿನವರು ಮೊದಲು ನೆಲ ಮುಗಿಸಿ ಆಮೇಲೆ ಸೋಫಾ ಕೂರಿಸಿದ್ದರು. ಅಡಿಯಲ್ಲಿ ಆರು ಇಡೀ ಟೈಲ್ಸ್, ಮೊದಲ ಬ್ಯಾಚಿನವೇ. ಯಾರಿಗೂ ಕಾಣದ ಜಾಗ. ನಾನು ಗಾಡಿಗೆ ಓಡಿ ಮೊಬೈಲ್ ಟಾರ್ಚ್ ಹಾಕಿ ಬಗ್ಗಿ ನೋಡಿದೆ. ಕೆನೆ ಬಣ್ಣ, ಒಂದೂ ಬೂದು ಇಲ್ಲ.

ಮೇಸ್ತ್ರಿ ಉಪ್ಪಳದವರು, ದೊಡ್ಡ ದೊಡ್ಡ ಗಲ್ಫ್ ಮನೆಗಳಿಗೆ ಟೈಲ್ಸ್ ಹಾಕಿದ ಕೈ. ಗಾಡಿ ನೋಡಿ ಒಂದು ಸುತ್ತು ಬಂದು, ಅಡಿಗೆ ನುಗ್ಗಿ, ಎದ್ದು ಮೈ ಕೊಡವಿಕೊಂಡು ಹೇಳಿದರು: "ಮಾಷೇ, ಇದು ಮನೆ ಅಲ್ಲ. ಮನೆ ನಿಂತಲ್ಲಿ ನಿಲ್ತದೆ, ಇದು ಓಡ್ತದೆ. ಹಾಕಿದವರು ಮನೆಗೆ ಹಾಕಿದ ಹಾಗೆ ಹಾಕಿದ್ದಾರೆ."

ಟೊಳ್ಳು ಟೈಲ್ಸ್ ಮೊದಲು ಎಬ್ಬಿಸಿದರು. ಗ್ರೌಟನ್ನು ತೆಳು ಬ್ಲೇಡಿನಿಂದ ಕೊಯ್ದು, ಅಡಿಗೆ ಪಟ್ಟಿ ತೂರಿಸಿದ್ದೇ ತಡ, ದೋಸೆ ಎದ್ದ ಹಾಗೆ ಎದ್ದು ಬಂತು. ಅಡಿಯಲ್ಲಿ ಟೈಲ್ಸ್ ಅಂಟಿಸುವ ಗಮ್ಮಿನ ಐದು ಉಂಡೆ. ನಾಲ್ಕು ಮೂಲೆಗೆ ನಾಲ್ಕು, ನಡುವೆ ಒಂದು. ಉಂಡೆಗಳ ನಡುವೆ ಬರೀ ಗಾಳಿ. ಹಲ್ಲಿನ ಕರಣೆಯಿಂದ ಪೂರಾ ಹರಡಬೇಕಾದದ್ದು ಅದು. ಸಮ ಸಿಗದಿದ್ದಾಗ ಉಂಡೆ ಜಾಸ್ತಿ ಇಟ್ಟು ಎತ್ತಿದ್ದಾರೆ, ಅದೇ ಎತ್ತರ ಅಮ್ಮನ ಕಾಲಿಗೆ ತಾಗಿದ್ದು.

ಬಾಗಿಲ ಹತ್ತಿರದ್ದು ತೆಗೆದಾಗ ಬಿರುಕಿನ ಗುಟ್ಟೂ ಬಯಲಾಯಿತು. ಟೈಲ್ಸಿನ ಬಿರುಕು ಹೋದ ದಾರಿಯಲ್ಲೇ ಅಡಿಯಲ್ಲಿ ಪ್ಲೈವುಡ್ಡಿನ ಜಾಯಿಂಟ್. ಅದರ ಕೆಳಗೆ ಕಬ್ಬಿಣದ ಆಸರೆ ಇಲ್ಲ. ಮೇಲೆ ಕಾಲಿಟ್ಟಾಗಲೆಲ್ಲ ಎರಡು ಹಲಗೆ ಬೇರೆ ಬೇರೆಯಾಗಿ ಬಗ್ಗುತ್ತಿದ್ದವು. ಟೈಲ್ಸ್ ಹಾಕುವ ನೆಲ ತನ್ನ ಆಸರೆಯ ಅಂತರದ 360ರಲ್ಲಿ ಒಂದು ಪಾಲಿಗಿಂತ ಹೆಚ್ಚು ಬಗ್ಗಬಾರದು ಎಂಬ ಲೆಕ್ಕ ತಮ್ಮ ಹೇಳಿದ್ದ. 40 ಸೆಂಟಿಮೀಟರಿಗೆ ಒಂದು ಮಿಲಿಮೀಟರ್ ಚಿಲ್ಲರೆ. ಮೇಸ್ತ್ರಿಗೆ ಲೆಕ್ಕ ಬೇಡವಾಗಿತ್ತು. ಹಿಮ್ಮಡಿಯಿಂದ ಒಮ್ಮೆ ಒತ್ತಿ, "ಇಲ್ಲಿ ಒಂದು ಆಂಗ್ಲರ್ ಬೇಕು" ಎಂದರು. ಬದಿಯಡ್ಕದಿಂದ ವೆಲ್ಡಿಂಗಿನ ಹುಡುಗ ಬಂದು ಗಾಡಿಯ ಅಡಿಯಿಂದ ಕಬ್ಬಿಣದ ಪಟ್ಟಿ ಕೂರಿಸಿದ. ಹಲಗೆಗೆ ಒಂದು ಗೇಣಿಗಿಂತ ಹತ್ತಿರ ಹತ್ತಿರ ಸ್ಕ್ರೂ ಹೊಡೆದರು. ಆ ವಯರಿನ ಫೋಟೋಗಳು ಇಲ್ಲದಿದ್ದರೆ ಒಂದಾದರೂ ಸ್ಕ್ರೂ ನೀರಿನ ಪೈಪಿಗೆ ಹೋಗುತ್ತಿತ್ತು.

ಕಷ್ಟ ಶುರುವಾದದ್ದು ಸೋಫಾದ ಅಡಿಯಲ್ಲಿ. ಇಲ್ಲಿ ಗಮ್ ಪೂರಾ ಹರಡಿ ಹಾಕಿದ್ದರು. ಒಳ್ಳೆಯ ಕೆಲಸ ಅದು, ಆದರೆ ಟೈಲ್ಸ್ ಬಿಡುವುದಿಲ್ಲ. ಮೇಸ್ತ್ರಿ ಅಡಿಕೆ ಸಲಕೆಯಿಂದ ತೆಳ್ಳಗೆ ಹತ್ತು ಬೆಣೆ ಕೆತ್ತಿಸಿಕೊಂಡರು. ಕಬ್ಬಿಣದ ಬೆಣೆಯಾದರೆ ಅಂಚು ಚಕ್ಕೆ ಏಳುತ್ತದಂತೆ. ಸುತ್ತ ಗ್ರೌಟ್ ತೆಗೆದು, ಹಳೆಯ ಗರಗಸದ ಬ್ಲೇಡನ್ನು ಅಡಿಗೆ ತೂರಿಸಿ ಗಮ್ಮನ್ನು ಕೊಯ್ಯುವುದು. ಎರಡಿಂಚು ಹೋದರೆ ಒಂದು ಬೆಣೆ. ಇನ್ನೆರಡಿಂಚು, ಇನ್ನೊಂದು ಬೆಣೆ. ಮೊದಲನೆಯದು ಫಟ್ ಎಂದು ಎರಡಾಯಿತು. ಯಾರೂ ಮಾತಾಡಲಿಲ್ಲ. ಎರಡನೆಯದಕ್ಕೆ ಒಂದು ಗಂಟೆ ಹಿಡಿಯಿತು, ಇಡಿಯಾಗಿ ಬಂತು. ಮೂರನೆಯದು, ನಾಲ್ಕನೆಯದು ಬಂದವು. ಐದನೆಯದು ಮೂಲೆ ಮುರಿಯಿತು. ಆರನೆಯದನ್ನು ಎಬ್ಬಿಸುವಾಗ ಕತ್ತಲಾಗಿತ್ತು, ನಾನು ಟಾರ್ಚ್ ಹಿಡಿದು ಕೂತಿದ್ದೆ, ಅಮ್ಮ ಗಾಡಿಯ ಮೆಟ್ಟಿಲಲ್ಲಿ. ಅದು ಬಂತು. ಕೈಯಲ್ಲಿ ನಾಲ್ಕು, ಬೇಕಾದದ್ದು ಐದು.

ಮೇಸ್ತ್ರಿ ಆ ನಾಲ್ಕನ್ನು ಗೋಡೆಗೆ ಒರಗಿಸಿ ನೋಡುತ್ತಾ ನಿಂತವರು, "ಇದನ್ನು ನಾನೇ ಎಲ್ಲಿಗೋ ಹಾಕಿದ್ದೇನೆ ಮಾಷೇ" ಎಂದರು. ರಾತ್ರಿ ಒಂಬತ್ತಕ್ಕೆ ಅವರ ಫೋನ್ ಬಂತು. ಚೆರ್ಕಳದ ಹತ್ತಿರ ಗಲ್ಫಿನಿಂದ ಬಂದವರೊಬ್ಬರ ಮನೆ. ಮರುದಿನ ಬೆಳಗ್ಗೆಯೇ ಹೋದೆವು. ಮನೆಯ ಯಜಮಾನರು ನನ್ನನ್ನು ಕಂಡು ಎದ್ದು ನಿಂತರು. ಅವರ ಮಗ ನಮ್ಮ ಶಾಲೆಯಲ್ಲಿ ಓದಿದವನು. ಮೆಟ್ಟಿಲ ಅಡಿಯಿಂದ ಒಡೆಯದ ಒಂದು ಬಾಕ್ಸ್ ಎಳೆದು ತಂದರು. ನಾನು ಮೊದಲು ಓದಿದ್ದು ಶೇಡ್ ನಂಬರು. ಅದೇ! ಒಂದು ಬಾಕ್ಸಿನಲ್ಲಿ ನಾಲ್ಕು.

ಹಣ ತೆಗೆದುಕೊಳ್ಳಲಿಲ್ಲ. "ಹಣ ಎಂತಕ್ಕೆ ಮಾಷೇ? ನನಗೆ ಬೇಕಾದರೆ ಒಂದು ವಾಪಸ್ ಕೊಟ್ಟರಾಯಿತು" ಎಂದರು.

ಹಾಕುವ ಕೆಲಸ ಎರಡು ದಿನ. ಚಕ್ರದ ಅಡಿಗೆ ಹಲಗೆ, ಜಾಕ್ ಕೊಟ್ಟು ಗಾಡಿ ಅಲುಗಾಡದ ಹಾಗೆ ನಿಲ್ಲಿಸಿದೆವು. ಮೇಸ್ತ್ರಿ ರಸಮಟ್ಟ ಬದಿಗಿಟ್ಟು ಆರಡಿ ಅಲ್ಯೂಮಿನಿಯಂ ಪಟ್ಟಿ ಹಿಡಿದರು. ರಸ್ತೆಯಲ್ಲಿ ನಿಂತ ಗಾಡಿ ಎಂದೂ ಮಟ್ಟದಲ್ಲಿ ಇರುವುದಿಲ್ಲ, ಟೈಲ್ಸ್ ಒಂದಕ್ಕೊಂದು ಸಮ ಇದ್ದರೆ ಸಾಕು. ಗಮ್ಮಿನ ಚೀಲದ ಮೇಲೆ ಎಸ್-1 ಅಥವಾ ಎಸ್-2 ಎಂದು ಇರುವುದನ್ನೇ ತರಲು ತಮ್ಮ ಹೇಳಿದ್ದ, ಒಣಗಿದ ಮೇಲೂ ಸ್ವಲ್ಪ ಬಾಗುವ ಗಮ್ ಅದು. ಎಸ್-2 ಹೆಚ್ಚು ಬಾಗುತ್ತದೆ, ನಮಗೆ ಸಿಕ್ಕಿದ್ದು ಎಸ್-1. ಹಲಗೆಗೂ ಹರಡಿ, ಟೈಲ್ಸಿನ ಬೆನ್ನಿಗೂ ತೆಳ್ಳಗೆ ಬಳಿದು ಕೂರಿಸಿದರು. ಗೋಡೆಯ ಅಂಚಿಗೆ ಅರ್ಧ ಸೆಂಟಿಮೀಟರ್ ಬಿಟ್ಟು ಅಲ್ಲಿ ಗ್ರೌಟ್ ಬದಲು ಸಿಲಿಕಾನ್ ತುಂಬಿದರು, ಗಾಡಿ ತಿರುಚಿದರೆ ಟೈಲ್ಸ್ ಗೋಡೆಗೆ ಒತ್ತಬಾರದು. ಸೋಫಾದ ಅಡಿಗೆ ಆ ಬೂದು ನಾಲ್ಕು, ಜೊತೆಗೆ ಮುರಿದ ಎರಡನ್ನೇ ಜೋಡಿಸಿ. ಮೂರು ದಿನ ಗಾಡಿ ಸ್ಟಾರ್ಟ್ ಮಾಡಬಾರದು ಎಂದರು, ನಾವು ನಾಲ್ಕು ದಿನ ಬಿಟ್ಟೆವು.

ಈಗ ಯಾವ ಜಾಯಿಂಟಿನಲ್ಲೂ ಒಂದು ಕಾರ್ಡೂ ಹೋಗುವುದಿಲ್ಲ. ಅಮ್ಮ ಬರಿಗಾಲಲ್ಲಿ ಹಿಂದಿನಿಂದ ಮುಂದಕ್ಕೆ, ಮುಂದಿನಿಂದ ಹಿಂದಕ್ಕೆ ನಡೆದು ನೋಡಿ, "ಇನ್ನು ಮಡಿಕೇರಿಗೆ ಹೋಗುವಾ" ಎಂದಳು.

ನಾಲ್ಕೂ ನಾಲ್ಕೂ ಎಂಟು, ಹಾಕಿದ್ದು ಐದು. ಉಳಿದದ್ದು ಮೂರು. ಅಮೆರಿಕದಲ್ಲಿ ತಮ್ಮನ ಗೆಳೆಯನ ಮೋಟರ್ ಹೋಮಿನಲ್ಲಿ ಹೊಟ್ಟೆಯ ಲಾಕರಿನೊಳಗೆ ಕಾರ್ಖಾನೆಯವರೇ ಒಂದಿಷ್ಟು ಟೈಲ್ಸ್ ಇಟ್ಟು ಕೊಟ್ಟಿದ್ದರಂತೆ. ನಾನು ನಮ್ಮದನ್ನು ಅಡಿಕೆ ತೂಗುವ ತಕ್ಕಡಿಯಲ್ಲಿಟ್ಟೆ, ಒಂದಕ್ಕೆ 7 ಕಿಲೋ. ಎಲ್ಲವನ್ನೂ ಹೊತ್ತು ತಿರುಗುವ ಅಗತ್ಯ ಇಲ್ಲ. ಒಂದನ್ನು ಹಳೆಯ ಬೈರಾಸಿನಲ್ಲಿ ಸುತ್ತಿ ಗಾಡಿಯ ಲಾಕರಿಗೆ, ಎರಡನ್ನು ಮನೆಯ ಅಟ್ಟಕ್ಕೆ. ಬಾಕ್ಸಿನಿಂದ ಶೇಡ್ ನಂಬರಿನ ತುಂಡು ಕತ್ತರಿಸಿ ಆರ್‌ಸಿಯ ಜೊತೆಗಿಟ್ಟಿದ್ದೇನೆ.

ಮೊನ್ನೆ ಚೆರ್ಕಳದಿಂದ ಫೋನ್ ಬಂತು. ಅಡುಗೆಮನೆಯಲ್ಲಿ ಗ್ಯಾಸ್ ಸಿಲಿಂಡರ್ ಬಿದ್ದು ಒಂದು ಟೈಲ್ಸ್ ಒಡೆದಿದೆ ಎಂದರು, ಸಂಕೋಚದಿಂದಲೇ. ಅಟ್ಟ ಹತ್ತಿ ಒಂದನ್ನು ಇಳಿಸಿದೆ. ಬೈಕಿನಲ್ಲಿ ಬೇಡ ಎಂದು ಅಮ್ಮ ಹೇಳಿದ್ದಕ್ಕೆ ಗಾಡಿಯಲ್ಲೇ ಹೋದೆವು, ಅವಳೂ ಬಂದಳು. ಮೇಸ್ತ್ರಿ ಆಗಲೇ ಅಲ್ಲಿ ಗಮ್ ಕಲಸುತ್ತಿದ್ದರು.